ಸಣ್ಣಾಕಿ ಮಷೀನು

ಹೊಟ್ಟೆಕಿಚ್ಚಿಗೆ ನಾಚಿಕೊಳ್ಳುವವರು ನಾಚಿಕೊಳ್ಳಲಿ, ನನಗೇನೂ ನಾಚಿಕೆಯಿಲ್ಲ. ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕಂಡರೆ ಆ ವರ್ಷ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೀರೆ, ಬಂಗಾರಕ್ಕೆ ಮುಖ ತಿರುಗಿಸಿಕೊಂಡ ನೆಗೆಣ್ಣಿಯರನ್ನು ಬೇಕಾದಷ್ಟು ನೋಡಿದ್ದೇನೆ. ನಮ್ಮಿಬ್ಬರ ನಡುವೆ ಬಂದದ್ದು ಒಂದು ಕಂಪ್ಯೂಟರು.

ನಮ್ಮದು ಗದಗಿನ ಕಡೆಯ ಮನೆತನ. ಮಾವ ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಸನತ್‌ನಗರದಲ್ಲೇ ಮನೆ ಮಾಡಿ ಉಳಿದುಬಿಟ್ಟಿದ್ದರು. ಮಾದಾಪುರದ ಒಂದು ಕಂಪನಿಯಲ್ಲಿ ನಾನು ಉಳಿದವರ ಕೆಟ್ಟ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದೆ. ಊರಿಗೆ ಊರೇ ಐಟಿ ಐಟಿ ಅಂತ ಮೇಲೇರುತ್ತಿದ್ದ ಕಾಲವದು. ನಾನು ಮಾತ್ರ ಕೇಬಲ್ ಹಿಡಿದುಕೊಂಡು ಮೇಜಿನ ಕೆಳಗೇ ಇದ್ದೆ. ಅಷ್ಟರಲ್ಲಿ ಕಂಪನಿಯವರು ವರ್ಚುವಲೈಸೇಶನ್ನಿಗೆ ಹೊಸ ತಂಡ ಕಟ್ಟುತ್ತಾರೆ ಅನ್ನುವ ಸುದ್ದಿ ಬಂತು. ಒಂದೇ ಸರ್ವರಿನ ಹೊಟ್ಟೆಯೊಳಗೆ ನಾಲ್ಕಾರು ಸರ್ವರುಗಳನ್ನು, ಪ್ರತಿಯೊಂದೂ ತಾನೇ ಪೂರ್ತಿ ಯಂತ್ರ ಅಂದುಕೊಳ್ಳುವಂತೆ, ಓಡಿಸುವ ವಿದ್ಯೆ ಅದು. ಖಾಲಿ ಇದ್ದದ್ದು ಒಂದೇ ಜಾಗ. ಅದು ನನಗೆ ಬೇಕೇಬೇಕಾಗಿತ್ತು.

ಕಲಿಯಲಿಕ್ಕೆ ಆಫೀಸಿನ ಸರ್ವರ್ ಮುಟ್ಟಗೊಡುವವರು ಯಾರು? ಸಿಕಂದರಾಬಾದಿನ ಅಂಗಡಿಗಳನ್ನೆಲ್ಲ ಸುತ್ತಿ, ದೊಡ್ಡ ಕ್ಯಾಬಿನೆಟ್ಟು, ಒಳ್ಳೆಯ ಪ್ರೊಸೆಸರು, ಬೋರ್ಡು ಹಿಡಿಯುವಷ್ಟೂ ರ‍್ಯಾಮು ಹೊಂದಿಸಿ ತಂದೆ. ಅಂಗಡಿಯವನು ಗೇಮ್ ಆಡಲಿಕ್ಕೆ ಒಯ್ಯುತ್ತಿದ್ದೇನೆ ಅಂದುಕೊಂಡು "ಗೇಮಾಂ ಖೇಲ್ನೇ ಕು ಕ್ಯಾ ಮೇಡಂ?" ಅಂತ ನಕ್ಕ. ನಗಲಿ ಬಿಡು ಅಂದುಕೊಂಡೆ. ಮನೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಒಂದೊಂದು ಸ್ಕ್ರೂ ನಾನೇ ಬಿಗಿದೆ. ಹೊರಗಿನ ಯಂತ್ರವೇನೋ ಎದ್ದಿತು, ಒಳಗಿನದು ಏಳಲೇ ಇಲ್ಲ. ಎಷ್ಟು ಸಲ ಹಾಕಿದರೂ ಅದೇ ತಕರಾರು. ಒಂದು ಭಾನುವಾರ ನೆಗೆಣ್ಣಿ ಚಹಾ ತಂದವಳು ಬಾಗಿಲಲ್ಲೇ ನಿಂತು ನೋಡಿದಳು. ಮೈಸೂರಿನ ಹುಡುಗಿ, ಇಂಜಿನಿಯರಿಂಗ್ ಮುಗಿಸಿದ ಕೂಡಲೇ ಮದುವೆಯಾಗಿ ಬಂದವಳು, ಕೆಲಸ ಹುಡುಕುತ್ತಿದ್ದಳು.

"ಅಕ್ಕ, ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿದ್ದೀರಾ?" ಅಂದಳು.

ಯಂತ್ರ ಏಳುವಾಗ ಬರುವ ನೀಲಿ ಪರದೆಯ ಮೂಲೆಯಲ್ಲಿ ಒಂದು ಸಾಲು, ಅದರಲ್ಲೊಂದು ಗುಬ್ಬಿಯಷ್ಟು ಆಯ್ಕೆ. ಅವಳು ಬಗ್ಗಿ ಅದನ್ನು ಬದಲಿಸಿದಳು. ಒಳಗಿನ ಯಂತ್ರ ಎದ್ದು ಕೂತಿತು. ನನ್ನ ಮುಖ ಸುಟ್ಟ ಬದನೆಕಾಯಿ ಆಯಿತು.

ಹಿಂದೆ ನಿಂತಿದ್ದ ಅತ್ತೆ ಕೈತಟ್ಟಿದರು. ಕಿರಿಸೊಸೆಯನ್ನು ಅವರು ಕರೆಯುತ್ತಿದ್ದದ್ದೇ ಸಣ್ಣಾಕಿ ಅಂತ. "ಸಣ್ಣಾಕಿ ಕೈ ಇಟ್ಟಕೂಡ್ಲೆ ಸುರು ಆತು ನೋಡ! ಭಾಳ ಶಾಣ್ಯಾಕಿ ಅದಾಳ."

ಅಷ್ಟೇ. ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಸಣ್ಣಾಕಿ ಮಷೀನು ಅಂತಲೇ ಹೆಸರು. "ಸಣ್ಣಾಕಿ ಮಷೀನ್ ಮ್ಯಾಲೆ ಧೂಳ ಐತಿ, ಒರಸ್ರಿ." "ಸಣ್ಣಾಕಿ ಮಷೀನ್ ಭಾಳ ಕರೆಂಟ್ ತಿನ್ನಾಕತ್ತೈತಿ." ತಂದವಳು ನಾನು, ಕಟ್ಟಿದವಳು ನಾನು! ಹಗಲೆಲ್ಲ ನಾನು ಆಫೀಸಿನಲ್ಲಿ ಮೇಜಿನ ಕೆಳಗೆ ತೂರುತ್ತಿದ್ದರೆ ಇವಳು ಮನೆಯಲ್ಲಿ ಅದರ ಮುಂದೆ ಕೂತಿರುತ್ತಿದ್ದಳು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಸಂಜೆ ಬಸ್ಸಿನಲ್ಲಿ ನಿಂತು ಬಂದು ನೋಡಿದರೆ ನಾನು ಒಂದನ್ನು ಓಡಿಸಲು ಒದ್ದಾಡಿದ ಕಡೆ ಅವಳು ಮೂರನ್ನು ಓಡಿಸಿರುತ್ತಿದ್ದಳು. ಅದರ ಮೇಲೆ ಅತ್ತೆಯ ಹೊಗಳಿಕೆ ಬೇರೆ: "ಎಷ್ಟ ಚೆಂದ ಮಾತಾಡ್ತಾಳ, ರೇಡಿಯೋದಾಗ ಓದಿದಂಗ!" ನಾನೇನು ಬೊಗಳುತ್ತಿದ್ದೆನೇ?

ಕೊನೆಗೆ ಮೈದುನ ಬಂದು ತಲೆ ಕೆರೆಯುತ್ತ ನಿಂತ. "ವೈನಿ, ನಿಮ್ಮ ಕಂಪನ್ಯಾಗ ಆ ಜಾಗಾಕ್ಕ ಹೊರಗಿನವರ ಅರ್ಜಿನೂ ತಗೋತಾರಂತಲ್ರಿ. ಇಕಿನೂ ಹಾಕ್ಲೇನ್ರಿ?"

"ಹಾಕಲಿ ಬಿಡ್ರಿ, ಅದಕ್ಕೇನ," ಅಂದೆ. ಹೊಟ್ಟೆಯೊಳಗೆ ಒಲೆ ಹತ್ತಿತು.

ಸಂದರ್ಶನ ದಸರಾದ ಮರುದಿನಕ್ಕೆ ಬಿತ್ತು. ಖಂಡೇನವಮಿಯ ಮುಂಜಾನೆ ಅತ್ತೆ ಮನೆಯ ಈಳಿಗೆ, ಮಾವನ ಸ್ಪ್ಯಾನರು, ಸ್ಕೂಟರು ಎಲ್ಲಕ್ಕೂ ಕುಂಕುಮವಿಟ್ಟು, ಹಿಂದಿನ ಕೋಣೆಗೆ ಬಂದು ಆರತಿ ತಟ್ಟೆಯನ್ನು ನೆಗೆಣ್ಣಿಯ ಕೈಗಿತ್ತರು. "ನಿನ್ನ ಮಷೀನಕ್ಕ ನೀನ ಪೂಜಿ ಮಾಡವಾ."

"ಅದು ನನ್ನ ಮಷೀನ್ರಿ, ಅತ್ತಿ!" ಎಂದು ಚೀರಿದೆ. ಪಕ್ಕದ ಮನೆಯವರಿಗೂ ಕೇಳಿರಬೇಕು.

ಅತ್ತೆ ಬಾಯಿ ತೆರೆದು ನನ್ನನ್ನೇ ನೋಡಿದರು. ನೆಗೆಣ್ಣಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಹೌದಲ್ವಾ ಅಕ್ಕ, ನೀವೇ ಮಾಡಿ," ಅಂದಳು. ಕೋಪವಿಲ್ಲ, ಕೊಂಕಿಲ್ಲ. ಅದನ್ನು ಕೇಳಿ ನನಗೆ ಇನ್ನಷ್ಟು ರೇಗಿತು. ಪೂಜೆಯಾದ ಮೇಲೆ ಅತ್ತೆ ಪ್ಲಗ್ ಕಿತ್ತಿಟ್ಟರು. ಪೂಜೆಗಿಟ್ಟ ಸಾಮಾನನ್ನು ದಸರಾ ಮುಗಿಯುವ ತನಕ ಮುಟ್ಟುವಂತಿಲ್ಲ ಅನ್ನುವುದು ಅವರ ಕಟ್ಟುನಿಟ್ಟು. ಸಂದರ್ಶನ ತಲೆಯ ಮೇಲೆ ಬಂದು ಕೂತಿರುವಾಗ ನಮ್ಮಿಬ್ಬರ ಕೈಯೂ ಖಾಲಿ.

ಮಧ್ಯಾಹ್ನ ಹೋಳಿಗೆಗೆ ಹೂರಣ ರುಬ್ಬುತ್ತ ಕೂತಾಗ ನನ್ನ ತಲೆಗೆ ಹತ್ತದಿದ್ದ ಒಂದನ್ನು ತಡೆಯಲಾರದೆ ನೆಗೆಣ್ಣಿಯನ್ನು ಕೇಳಿಯೇಬಿಟ್ಟೆ: ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುತ್ತಾರಂತಲ್ಲ, ಅದು ಹೇಗೆ? ಮನೆಯಲ್ಲಿ ಮಾಡಿ ನೋಡಲು ಒಂದೇ ಜಾತಿಯ ಎರಡು ಯಂತ್ರ ಬೇಕಿತ್ತು, ನಮ್ಮಲ್ಲಿದ್ದದ್ದು ಒಂದು.

"ಅಡುಗೆ ನಿಲ್ಲಿಸದೆ ಅಡುಗೆಮನೆ ಬದಲಾಯಿಸ್ಬೇಕು ಅಂದ್ಕೊಳ್ಳಿ ಅಕ್ಕ," ಅಂದಳು ಅವಳು, ಕೈಗೆ ಅಂಟಿದ ಬೆಲ್ಲ ನೆಕ್ಕುತ್ತ. "ಇಲ್ಲಿರೋ ಥರದ್ದೇ ಡಬ್ಬಗಳನ್ನ ಮೊದಲು ಅಲ್ಲಿ ತುಂಬಿಸಿಡ್ತೀವಿ. ಅಷ್ಟರಲ್ಲಿ ಇಲ್ಲಿ ಉಪ್ಪಿಗೋ ಸಾಸಿವೆಗೋ ಕೈ ಹಾಕಿರ್ತೀವಲ್ಲ, ಅದಷ್ಟನ್ನೇ ಅಲ್ಲೂ ಸರಿ ಮಾಡ್ತೀವಿ. ಕೊನೆಗೆ ಉಳಿಯೋದು ಒಲೆ ಮೇಲಿರೋ ಪಾತ್ರೆ ಒಂದೇ. ಅದನ್ನ ಟಕ್ ಅಂತ ಎತ್ತಿ ಆ ಒಲೆ ಮೇಲಿಟ್ರೆ ಊಟಕ್ಕೆ ಕೂತೋರಿಗೆ ಗೊತ್ತೇ ಆಗಲ್ಲ."

ಅಯ್ಯೋ, ಇಷ್ಟೇನಾ! ದಪ್ಪ ಪುಸ್ತಕ ಓದಿಯೂ ತಿಳಿಯದ್ದು ಹೂರಣ ರುಬ್ಬುವಷ್ಟರಲ್ಲಿ ತಿಳಿಯಿತು. ಅವಳಿಗೆ ಮೊದಲೇ ತಿಳಿದಿತ್ತಲ್ಲ ಅಂತ ಹೊಟ್ಟೆ ಉರಿಯಿತು.

ಸಂದರ್ಶನದಲ್ಲಿ ಅದನ್ನೇ ಕೇಳಿದರು. ಡಬ್ಬ, ಉಪ್ಪು, ಸಾಸಿವೆ, ಒಲೆ, ಎಲ್ಲವನ್ನೂ ಒಪ್ಪಿಸಿದೆ. ತೆಲುಗಿನ ಹಿರಿಯ ಅಧಿಕಾರಿಯೊಬ್ಬರು "ಚಾಲಾ ಬಾಗುಂದಿ" ಅಂತ ತಲೆದೂಗಿದರು. ನನ್ನ ನಂತರ ಒಳಗೆ ಹೋದ ನೆಗೆಣ್ಣಿಗೆ, ಎಲ್ಲ ಸರಿ, ಕೆಲಸ ಮಾಡಿದ ಅನುಭವ ಇಲ್ಲವಲ್ಲ ಅಂದರಂತೆ. ಜಾಗ ನನಗೆ ಸಿಕ್ಕಿತು.

ಸುದ್ದಿ ಹೊತ್ತು ಮನೆಗೆ ಬಂದಾಗ ನಾನು ಬೇರೆ ಯಾರನ್ನೂ ನೋಡಲಿಲ್ಲ, ಅವಳ ಮುಖವನ್ನೇ ನೋಡಿದೆ. ಎಳ್ಳಷ್ಟಾದರೂ ಉರಿ ಕಾಣಲಿ ಅಂತ ಆಸೆ. ಅವಳು ಓಡಿಹೋಗಿ ಡಬ್ಬಿ ತಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಲ್ಲಿ ಒಂದೇ ಥರದ್ದು ಎರಡು ಸರ್ವರ್ ಇರುತ್ತಲ್ವಾ ಅಕ್ಕ? ಓಡ್ತಿರೋ ಯಂತ್ರ ನಿಜವಾಗ್ಲೂ ನಿಲ್ಲದೇನೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಅಂತ ನೋಡ್ಕೊಂಡು ಬಂದು ಹೇಳ್ತೀರಾ? ನಾನು ಒಂದು ಸಲಾನೂ ನೋಡಿಲ್ಲ."

ನೋಡಬೇಕು ಅಂತ ನನಗೆ ಆ ತನಕ ಅನ್ನಿಸಿಯೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಮೇಜಿನ ಮೇಲಿನ ಕೆಲಸ, ಅದು ಸಿಕ್ಕಿತ್ತು. ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ಅವಳ ಹೊಳೆಯುವ ಕಣ್ಣು ನೋಡುತ್ತ ನಿಂತೆ. ಹೊಟ್ಟೆ ಅವತ್ತು ಉರಿದಷ್ಟು ಯಾವತ್ತೂ ಉರಿದಿರಲಿಲ್ಲ.