ಚಾಚಾ ಹಾಕಿಕೊಟ್ಟ ಹೆಪ್ಪು

ಚಾಚಾ ಅವರ ಬಲಗೈ ಮೊಣಕೈವರೆಗೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಮೊದಲ ಸಲ ನೋಡಿದವರು ಸುಣ್ಣ ಬಳಿದು ಬಂದಿದ್ದಾರೆ ಅಂದುಕೊಳ್ಳಬೇಕು. ಅದು ಉಪ್ಪು. ದಿನವಿಡೀ ಉಪ್ಪುನೀರಿನ ತೊಟ್ಟಿಗಳಲ್ಲಿ ಅದ್ದಿ ತೆಗೆದ ಕೈ ಒಣಗಿದಾಗಲೆಲ್ಲ ರೋಮಗಳ ಮೇಲೆ ಸಣ್ಣ ಹರಳು ಕೂರುತ್ತಿದ್ದವು. ಅಂಗಿಯ ಎಡತೋಳಿಗೆ ನೀಟಾಗಿ ಗುಂಡಿ ಹಾಕಿರುತ್ತಿದ್ದರು, ಬಲತೋಳನ್ನು ಮಾತ್ರ ಮಡಚಿರುತ್ತಿದ್ದರು. ಮಾತಾಡುತ್ತಾ ಆ ಉಪ್ಪನ್ನು ಉಜ್ಜಿ ಉದುರಿಸುವುದು ಅವರ ಅಭ್ಯಾಸ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಅವರದು ಬಣ್ಣದ ಮೀನಿನ ಸಣ್ಣ ಅಂಗಡಿ, ಮನೆ ಹರಿಹರದಲ್ಲಿ. ನನ್ನದು ತಿರುಗಾಮುರುಗಾ. ಮನೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಕೆಲಸ ಹರಿಹರದ ಕಾಲೇಜೊಂದರಲ್ಲಿ. ಎಷ್ಟೋ ವರ್ಷ ಬೆಳಿಗ್ಗೆ ನಮ್ಮ ಬಸ್ಸುಗಳು ಎದುರುಬದುರಾಗಿ ಹಾದುಹೋಗಿರಬೇಕು. ಪರಿಚಯವಾಗಲು ನನ್ನ ಗಂಟಲು ಕೆಡಬೇಕಾಯಿತು.

ನಾನು ಇತಿಹಾಸದ ಮೇಷ್ಟ್ರು. ನನ್ನ ದನಿಯ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ನಾನು ಪಾಣಿಪತ್ ಯುದ್ಧ ಮಾಡಿಸಿದರೆ ಕಾಂಪೌಂಡಿನಾಚೆ ಚಹಾ ಕುಡಿಯುವವರಿಗೂ ಕೇಳಿಸುತ್ತಿತ್ತು. ಗಂಟಲಲ್ಲಿ ಗಂಟು ಬಂದು ಆಪರೇಷನ್ ಆಯಿತು. ಇನ್ನು ಮಾತಾಡಬಹುದು ಎಂದು ಡಾಕ್ಟರು ಹೇಳಿದ ದಿನ ಬಾಯಿ ತೆರೆದೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂದದ್ದು ತುಕ್ಕು ಹಿಡಿದ ಗೇಟಿನ ಸದ್ದು. ನನಗೇ ಅಸಹ್ಯವಾಯಿತು. ರಜೆ ಮುಂದುವರಿಸಿದೆ, ರಾಜೀನಾಮೆ ಬರೆದು ಮೇಜಿನ ಖಾನೆಯಲ್ಲಿಟ್ಟೆ, ಹೆಂಡತಿಯ ಜೊತೆಗೂ ಚೀಟಿಯಲ್ಲೇ ಸಂಸಾರ ನಡೆಸತೊಡಗಿದೆ. "ಒಂದ್ ಮಾತಾಡ್ರಿ ಸಾಕು, ಬೈದ್ರೂ ಪರವಾಗಿಲ್ಲ" ಎಂದು ಅವಳು ಅಂದಾಗಲೂ ಚೀಟಿ ಹುಡುಕಿದವನು ನಾನು.

ಆ ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಸಮುದ್ರದ ಮೀನು. ಅವುಗಳ ಮುಂದೆ ಕೂತಾಗ ಮಾತು ಬೇಕೇ ಆಗುತ್ತಿರಲಿಲ್ಲ. ಅಂಥದ್ದೇ ನನಗೂ ಬೇಕು ಅನ್ನಿಸಿ, ವಿಚಾರಿಸಿಕೊಂಡು ನಿಟ್ಟುವಳ್ಳಿಗೆ ಹೋಗಿ ಚೀಟಿ ಕೊಟ್ಟೆ.

ಚಾಚಾ ಕನ್ನಡಕ ಏರಿಸಿ ಓದಿದರು. "ಅಕ್ಷರ ಬೋರ್ಡಿನ ಮ್ಯಾಲೆ ಬರ್ದಂಗೈತೆ. ಮೇಷ್ಟ್ರೇನ್ರಿ?" ತಲೆಯಾಡಿಸಿದೆ. ಯಾಕೆ ಮಾತಾಡುವುದಿಲ್ಲ ಎಂದು ಅವರು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. "ತೊಟ್ಟಿ ಕೊಡ್ತೀನಿ. ಮೀನು ಈಗ ಕೊಡಲ್ಲ" ಎಂದರು.

ಎರಡಡಿ ಉದ್ದದ ತೊಟ್ಟಿ, ಮರಳು, ನೀರು ಅಲ್ಲಾಡಿಸುವ ಪುಟ್ಟ ಮೋಟಾರು, ಸಮುದ್ರದ ಉಪ್ಪಿನ ಪುಡಿ. ಫಿಲ್ಟರ್ ನೀರಿಗೆ ಉಪ್ಪು ಬೆರೆಸಿ ಒಂದು ದಿನ ತಿರುಗಲು ಬಿಡಬೇಕು, ಉಪ್ಪಿನ ಪ್ರಮಾಣವನ್ನು ಕೊಳವೆಯಂಥ ಸಾಧನದಲ್ಲಿ ನೋಡಬೇಕು. ಕೊನೆಗೆ ತಮ್ಮ ಹಳೆಯ ತೊಟ್ಟಿಯಿಂದ ತೂತುತೂತಾದ ಒಂದು ಕಲ್ಲು ತೆಗೆದು, ಒದ್ದೆ ಪೇಪರಿನಲ್ಲಿ ಸುತ್ತಿ, ಕೂಸು ಕೊಟ್ಟಂತೆ ನನ್ನ ಕೈಗಿಟ್ಟರು.

"ಇದು ಹೆಪ್ಪು. ಇದರಾಗೆ ಕಣ್ಣಿಗೆ ಕಾಣ್ದ ಜೀವ ಅದಾವೆ. ಮೀನಿನ ಹೊಲಸು ತಿನ್ನೋವು ಅವು. ಮೊದ್ಲು ಅವು ಬೆಳೀಲಿ, ಆಮ್ಯಾಲೆ ಮೀನು. ಹೆಪ್ಪು ಹಾಕಿದ ಪಾತ್ರೆ ಅಲ್ಲಾಡಿಸ್ತಾರೇನ್ರಿ? ಸಬರ್ ಮಾಡ್ರಿ, ತಾಳ್ಮೆ ಇರ್ಲಿ."

ಸಮುದ್ರದ ಸಂಗತಿಗೆಲ್ಲ ಅವರಲ್ಲಿ ಅಡುಗೆಮನೆಯ ಉದಾಹರಣೆಯೇ. ಮುಂಬೈಯಲ್ಲಿ ಮೀನಿನಂಗಡಿಗೆ ಸೇರುವ ಮೊದಲು ಅಡುಗೆ ಭಟ್ಟರ ಕೈಕೆಳಗೆ ದುಡಿದಿದ್ದರಂತೆ.

ಆರು ವಾರ ಮೀನಿಲ್ಲದ ತೊಟ್ಟಿ ಸಾಕಿದೆ. ಆ ಕಾಣದ ಜೀವಗಳಿಗೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುವುದು, ವಾರಕ್ಕೊಮ್ಮೆ ಬಾಟಲಿಯಲ್ಲಿ ನೀರು ಒಯ್ದು ತೋರಿಸುವುದು. ಅವರು ನೀರಿಗೆ ಔಷಧದ ಹನಿ ಹಾಕಿ, ಬಣ್ಣ ನೋಡಿ, ಇನ್ನೂ ಇಲ್ಲ ಎಂದು ತಲೆಯಾಡಿಸುತ್ತಿದ್ದರು. ಮೂರನೇ ವಾರ ಗಾಜಿಗೆಲ್ಲ ಕಂದು ಪಾಚಿ ಹಿಡಿಯಿತು. "ನೋಡಾಕೆ ಖರಾಬ್ ಐತೆ. ಆದ್ರೆ ಸರಿ ಹೊಂಟೈತೆ" ಎಂದು ಸಂತೋಷಪಟ್ಟರು. ಮನೆಯಲ್ಲಿ ಹೆಂಡತಿ, "ಬರೀ ನೀರಿಗೆ ಲೈಟ್ ಹಾಕಿ, ಊಟ ಹಾಕಿ ಸಾಕಿದ್ದು ನಮ್ಮ ವಂಶದಾಗೆ ನೀವೇ ಮೊದ್ಲು" ಎಂದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಕ್ಕಳಿಗೆ ಉಪದೇಶಿಸುತ್ತಿದ್ದ ನಾನು ಒಳಗೊಳಗೇ ಕುದಿಯುತ್ತಿದ್ದೆ. ಆದರೂ ಆ ವಾರದ ಬಾಟಲಿಗಾಗಿಯೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಹೊರಬೀಳತೊಡಗಿದ್ದೆ ಎನ್ನುವುದು ಆಮೇಲೆ ತಿಳಿಯಿತು.

ಏಳನೇ ವಾರ ಎರಡು ಮೀನು ಬಂದವು.

ಆಗ ಬೇಸಿಗೆ. ದಾವಣಗೆರೆಯ ಸೆಖೆಗೆ ತೊಟ್ಟಿಯ ನೀರು ದಿನಕ್ಕೆ ಅರ್ಧ ಬೆರಳು ಇಳಿಯುತ್ತಿತ್ತು. ಸಮುದ್ರದ ನೀರು ಕಡಿಮೆಯಾದರೆ ಸಮುದ್ರದ ನೀರನ್ನೇ ತುಂಬಬೇಕು ಎಂದು ನಾನೇ ತೀರ್ಮಾನಿಸಿ, ಅಳೆದು ನೋಡದೆ ದಿನವೂ ಉಪ್ಪು ಬೆರೆಸಿ ಸುರಿದೆ. ಚಾಚಾ ಅವರನ್ನು ಕೇಳಿದ್ದರೆ ಹೇಳುತ್ತಿದ್ದರು. ಮೀನು ಬಂದ ಮೇಲೆ ಅಂಗಡಿಗೆ ಹೋಗುವುದು ನಿಂತಿತ್ತು, ಫೋನಿನಲ್ಲಿ ಕೇಳಲು ಬಾಯಿ ಬಿಡಬೇಕಿತ್ತಲ್ಲ.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಒಂದು ಮೀನು ಮರಳಿನ ಮೇಲೆ ಮಗ್ಗುಲಾಗಿ ಬಿದ್ದು ಏದುಸಿರು ಬಿಡುತ್ತಿತ್ತು. ಇನ್ನೊಂದು ಅದರ ಪಕ್ಕದಲ್ಲೇ ಸುಳಿದಾಡುತ್ತಿತ್ತು. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು. ಚಾಚಾ ಬಳಿ ಇದ್ದದ್ದು ಕೀಪ್ಯಾಡ್ ಫೋನು, ಮೆಸೇಜು ನೋಡುವ ರೂಢಿಯೇ ಅವರಿಗಿರಲಿಲ್ಲ. ನಂಬರ್ ಒತ್ತಿದೆ.

"ಹಲೋ, ಯಾರ್ರಿ?"

ದನಿ ಹೊರಡಲಿಲ್ಲ. ಮತ್ತೆರಡು ಸಲ ಹಲೋ ಎಂದು ಅವರು ಫೋನ್ ಇಟ್ಟುಬಿಟ್ಟರು. ನಾನು ಅಳುವುದೊಂದು ಬಾಕಿ. ಮತ್ತೆ ಒತ್ತಿದೆ. ಈ ಸಲ ಅವರೂ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಮೇಷ್ಟ್ರೇನ್ರಿ?" ಎಂದರು. "ಹೇಳ್ರಿ. ಕಾಯ್ತೀನಿ."

"ಮೀನು... ಮಲಗೈತೆ" ಎಂದೆ. ಅದೇ ತುಕ್ಕಿನ ಗೇಟು.

"ಕೇಳ್ತೈತೆ. ಇನ್ನೂ ಹೇಳ್ರಿ. ನೀರು ಎಷ್ಟು ಹಾಕಿದ್ರಿ?"

ಹೇಳಿದೆ. ಮನೆಯ ಗುರುತೂ ಹೇಳಿದೆ. ಗಂಟೆಯೊಳಗೆ ಹರಿಹರದಿಂದ ಬಂದು ಬಾಗಿಲಲ್ಲಿದ್ದರು. ನೀರು ಅಳೆದು ನೋಡಿ ನನ್ನತ್ತ ತಿರುಗಿದರು. "ಸಾರು ಕುದ್ದು ಬತ್ತಿದ್ರೆ ನೀರು ಹಾಕ್ತೀರೋ, ಮತ್ತೆ ಉಪ್ಪು ಹಾಕ್ತೀರೋ? ಆವಿ ಆಗೋದು ಬರೀ ನೀರು. ಉಪ್ಪು ಎಲ್ಲೂ ಹೋಗಂಗಿಲ್ಲ, ಅಲ್ಲೇ ಐತೆ."

ಒಂದೇ ಸಲಕ್ಕೆ ಉಪ್ಪು ಇಳಿಸಿದರೆ ಮೀನು ತಡೆಯುವುದಿಲ್ಲವಂತೆ. ಒಂದು ಲೋಟ ಉಪ್ಪುನೀರು ತೆಗೆದು ಒಂದು ಲೋಟ ಸಿಹಿನೀರು ಹಾಕುವುದು, ಅರ್ಧ ಗಂಟೆ ಕಾಯುವುದು, ಮತ್ತೆ ಒಂದು ಲೋಟ. ಹೀಗೆ ಸಂಜೆಯವರೆಗೂ ನಮ್ಮ ಮನೆಯಲ್ಲೇ ಕೂತರು. ನಡುನಡುವಿನ ಅರ್ಧ ಗಂಟೆಗಳಲ್ಲಿ ನಾನು ಮಾತಾಡಿದೆ. ಆಪರೇಷನ್ನು, ಕಾಲೇಜು, ಖಾನೆಯಲ್ಲಿದ್ದ ರಾಜೀನಾಮೆ, ಎಲ್ಲವನ್ನೂ. ದನಿ ಸಿಕ್ಕಿಕೊಂಡಾಗ ಅವರು ಪದ ಹುಡುಕಿಕೊಡಲಿಲ್ಲ, ಮುಖ ಬೇರೆ ಕಡೆ ತಿರುಗಿಸಲೂ ಇಲ್ಲ. ಕೈಯ ಉಪ್ಪು ಉಜ್ಜುತ್ತಾ ಕಾದರು.

ಸಂಜೆ ಆರಕ್ಕೆ ಮೀನು ಎದ್ದು ಈಜಿತು. ಚಾಚಾ ಚಪ್ಪಲಿ ಮೆಟ್ಟುತ್ತಾ, "ಬೆಳಿಗ್ಗೆಯಿಂದ ನೀವು ಹೇಳಿದ್ದು ನನಗೆಲ್ಲಾ ತಿಳೀತು. ಹುಡುಗ್ರಿಗೂ ತಿಳೀತೈತೆ, ಹೋಗ್ರಿ" ಎಂದರು. ಮನೆಗೆ ಬಂದ ಹೆಂಡತಿಗೆ ನಾನೇ ಬಾಯಿಬಿಟ್ಟು ಕತೆ ಹೇಳಿದೆ. ಅವಳು ಪೂರ್ತಿ ಕೇಳಿದಳೋ ಇಲ್ಲವೋ, ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಜೂನ್‌ನಲ್ಲಿ ಹರಿಹರದ ಬಸ್ಸು ಹತ್ತಿದೆ. ಈಗಲೂ ನನ್ನ ಪಾಣಿಪತ್ ಯುದ್ಧ ಮೂರನೇ ಬೆಂಚಿನಾಚೆ ಹೋಗುವುದಿಲ್ಲ. ಹಿಂದಿನವರು ಮುಂದೆ ಬಂದು ಕೂರುತ್ತಾರೆ.

ಎರಡು ವರ್ಷದ ನಂತರ ಪರೀಕ್ಷೆ ಪತ್ರಿಕೆ ತಿದ್ದಲು ತಿಂಗಳು ಹೊರಗಿದ್ದು ಬಂದೆ. ಅಂಗಡಿ ಬಾಗಿಲು ಹಾಕಿತ್ತು. ಮೂರು ದಿನ ನೋಡಿ ಫೋನ್ ಮಾಡಿದೆ. ಎತ್ತಿದವರು ಹೆಂಗಸು. ಹೊಸಬರ ಮುಂದೆ ನನ್ನ ದನಿ ಇಂದಿಗೂ ತಡವಾಗಿಯೇ ಹೊರಡುತ್ತದೆ. ಆಕೆ ಹಲೋ ಎಂದು ಒಮ್ಮೆ ಅಂದು ಸುಮ್ಮನಾದರು. ಎಷ್ಟೋ ಹೊತ್ತು ಹಾಗೇ ಇದ್ದರು.

"ಮೇಷ್ಟ್ರೇನ್ರಿ? ಹೇಳ್ರಿ, ಕೇಳ್ತೈತೆ" ಎಂದರು.

ನಾನೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಮ್ಮೆಜಮಾನ್ರು ಹೇಳಿದ್ರು. ಫೋನ್ ಬಂದು ಮಾತು ಬರ್ಲಿಲ್ಲಂದ್ರೆ ಇಡಬ್ಯಾಡ, ಅವ್ರು ಮೇಷ್ಟ್ರು ಇರ್ತಾರೆ, ನಾನು ಒಂದು ಸಲ ಇಟ್ಟು ತಪ್ಪು ಮಾಡೀನಿ ಅಂತ." ಆಮೇಲೆ ಹೇಳಿದರು, "ಅವ್ರು ಹೋಗಿ ಇಪ್ಪತ್ತು ದಿನ ಆತ್ರಿ."

ತೊಟ್ಟಿಯಲ್ಲಿ ಎರಡೂ ಮೀನು ಅವರು ಕೊಟ್ಟ ಕಲ್ಲಿನ ಸುತ್ತ ತಿರುಗುತ್ತಿದ್ದವು. ನಾನು ಏನಾದರೂ ಹೇಳಬೇಕಿತ್ತು. ದನಿ ಬರಲಿಲ್ಲ. ಆಕೆ ಫೋನ್ ಇಡಲಿಲ್ಲ.