ಕರಿಹಲಗೆಯ ಸೊನ್ನೆ

ಮೊನ್ನೆ ಮೊಮ್ಮಗಳಿಗೆಂದು ಚನ್ನಪಟ್ಟಣದಿಂದ ಎರಡು ಮರದ ಗಾಡಿ ತಂದೆ. ಪೊಟ್ಟಣ ಬಿಚ್ಚುತ್ತಲೇ ಹೊಸ ಅರಗಿನ ವಾಸನೆ ಬಂತು. ಬೇರೆಯವರಿಗೆ ಅದು ಆಟಿಕೆಯ ವಾಸನೆ. ನನಗೆ ಫಿಸಿಕ್ಸ್ ಮೇಷ್ಟ್ರ ವಾಸನೆ... ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ನಾನು ಬೈರಾಪಟ್ಟಣದಿಂದ ಚನ್ನಪಟ್ಟಣಕ್ಕೆ ಪಿಯುಸಿ ಓದಲು ಹೋಗುತ್ತಿದ್ದೆ. ಫೇಲಾದರೆ ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದರು.

ಸಂವೇಗ ಸಂರಕ್ಷಣೆಯ ಪಾಠದ ದಿನ ಮೇಷ್ಟ್ರು ಇಂಥವೇ ಎರಡು ಗಾಡಿ ತಂದರು. ನಡುವೆ ಸ್ಪ್ರಿಂಗ್ ಅದುಮಿ, ದಾರದಿಂದ ಬಿಗಿದು, ಒಂದರ ಮೇಲೆ ಕಲ್ಲು ಹೇರಿದರು. ಕಡ್ಡಿ ಗೀರಿ ದಾರ ಸುಟ್ಟರು. ಖಾಲಿ ಗಾಡಿ ಆ ಕಡೆ ರೊಯ್ಯನೆ ಓಡಿತು, ಕಲ್ಲಿನ ಗಾಡಿ ಈ ಕಡೆ ಮೆಲ್ಲಗೆ ಉರುಳಿತು.

"ಮೊದಲು ಒಟ್ಟು ಸಂವೇಗ ಸೊನ್ನೆ. ಈಗಲೂ ಸೊನ್ನೆ. ಬರ್ಕೊಳ್ಳಿ" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಎದ್ದು ನಿಂತೆ. "ಸಾರ್, ಎರಡೂ ಓಡ್ತಾವಲ್ಲ, ಸೊನ್ನೆ ಹೆಂಗಾಯ್ತದೆ?"

ಅವರು ಸೀಮೆಸುಣ್ಣ ಎತ್ತಿಕೊಂಡು ಕರಿಹಲಗೆಯ ಮೇಲೆ ನನ್ನ ಮುಖದ ಎತ್ತರಕ್ಕೆ ದುಂಡಗೆ ಒಂದು ಸೊನ್ನೆ ಬರೆದರು. "ಮೂಗು ಇಟ್ಟು ನಿಂತ್ಕೋ. ನಿನ್ನ ತಲೇಲಿರೋದೇ ಇದು, ಹತ್ತಿರದಿಂದ ನೋಡು." ಕ್ಲಾಸೆಲ್ಲ ಘೊಳ್ಳೆಂದು ನಕ್ಕಿತು...

ಹಾಳಾದ್ದು, ಅಂದೇ ಅಪ್ಪ ರಾಮನಗರದಲ್ಲಿ ರೇಷ್ಮೆಗೂಡು ಮಾರಿ ಬರುವಾಗ ಕಾಲೇಜಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಮುಗಿದರು. "ಸೋಲೂರಿಂದ ಗಂಡು ಬಂದೈತೆ ಸಾಮಿ. ನಮ್ ಮಗಳು ಪಾಸಾಯ್ತಾಳಾ?"

ಮೇಷ್ಟ್ರು ಹಲಗೆಯತ್ತ ಕೈ ತೋರಿಸಿದರು. "ಮದುವೆ ಮಾಡಿ ಕಳಿಸಿಬಿಡಿ ಗೌಡ್ರೇ. ಸೊನ್ನೆ ಎಷ್ಟು ದುಂಡಗಿದೆ ನೋಡಿ, ಮುದ್ದೆ ಚೆನ್ನಾಗಿ ಕಟ್ತಾಳೆ."

ಅಪ್ಪನಿಗೆ ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಮೂಗಿನ ಸೀಮೆಸುಣ್ಣ ಒರೆಸಿಕೊಳ್ಳುತ್ತಾ ಅವರ ಹಿಂದೆ ನಡೆದೆ. ಪರೀಕ್ಷೆಗೂ ಕೂರಿಸಲಿಲ್ಲ.

ಸೋಲೂರಿನಲ್ಲಿ ಮುದ್ದೆ ಕಟ್ಟುತ್ತಾ ವರ್ಷಗಳು ಹೋದವು. ಮಗ ಕಾಲೇಜು ಸೇರಿದಾಗ ಅವನ ಪುಸ್ತಕ ತೆಗೆದು ಓದಿದೆ. ಆ ಕಡೆಗೆ ಓಡಿದ್ದನ್ನು ಕೂಡಬೇಕು, ಈ ಕಡೆಗೆ ಓಡಿದ್ದನ್ನು ಕಳೆಯಬೇಕು. ಹಗುರದ್ದು ಜೋರಾಗಿ, ಭಾರದ್ದು ನಿಧಾನವಾಗಿ ಓಡುವುದರಿಂದ ಎರಡರ ಸಂವೇಗವೂ ಸಮ, ಕಳೆದರೆ ಸೊನ್ನೆ. ಅಷ್ಟೇ! ಇಷ್ಟು ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು?

ಮುಖಕ್ಕೆ ಹೊಡೆದಂತೆ ಕೇಳಬೇಕೆಂದು ಅವರ ಮನೆ ಹುಡುಕಿಕೊಂಡು ಹೋದೆ. ಹೆಂಡತಿ ಬಾಗಿಲು ತೆರೆದರು. ಮೇಷ್ಟ್ರು ತೀರಿಕೊಂಡು ಬಹಳ ದಿನವಾಗಿತ್ತು. "ಅವರ ಶಿಷ್ಯೆನಾಮ್ಮ? ಬಾ, ಕಾಫಿ ಕುಡ್ಕೊಂಡ್ ಹೋಗು" ಎಂದರು. ಕುಡಿದು ಬಂದೆ.

ಮೊಮ್ಮಗಳು ಎರಡೂ ಗಾಡಿಗಳನ್ನು ದೂಡುತ್ತಿದ್ದಾಳೆ. ಉತ್ತರ ಈಗ ನನಗೆ ಬಾಯಿಪಾಠ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಮಾತ್ರ ಇಲ್ಲ... ಬೈಸಿಕೊಳ್ಳುವುದಕ್ಕಾದರೂ ಬದುಕಿರಬಾರದಿತ್ತೇ, ಪಾಪಿ.