ನೆರಳಿಗೆ ಬನ್ನಿ

ಆರ್‌ಪಿಸಿ ಲೇಔಟ್‌ನಲ್ಲಿ ನನ್ನ ರವಿಕೆಗಳನ್ನು ಹೊಲಿಯುತ್ತಿದ್ದ ಟೈಲರ್ ಆಂಟಿ ಅಂಗಡಿಯಲ್ಲಿ ಲೈಟು ಹಾಕುತ್ತಲೇ ಇರಲಿಲ್ಲ. ಆ ಮಬ್ಬಿನಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದರು. ಬಾಗಿಲಲ್ಲಿ ಯಾರು ನಿಂತರೂ ಅವರದು ಒಂದೇ ಮಾತು: “ನೆರಳಿಗೆ ಬನ್ನಿ, ಮುಖ ನೋಡೋಣ.”

ಅದೇ ಆಂಟಿ ಮಧ್ಯಾಹ್ನ ರಸ್ತೆಯಲ್ಲಿ ಎದುರಾದರೆ ಮಾತಾಡಿಸದೆ ಹೋಗುತ್ತಿದ್ದರು. ಅವರಿಗೆ ಜಂಬ ಎಂದು ನಾನೇ ನಾಲ್ಕು ಮನೆಯಲ್ಲಿ ಹೇಳಿಕೊಂಡು ಬಂದಿದ್ದೆ. ಕೊನೆಗೊಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: “ಬಿಸಿಲಲ್ಲಿ ನಮ್ಮ ಗುರುತೇ ಸಿಗಲ್ವಾ ಆಂಟಿ?”

“ಸಿಗಲ್ಲಮ್ಮ. ಬೆಳಕು ಜಾಸ್ತಿ ಆದ್ರೆ ಎಲ್ಲಾ ಬೆಳ್ಳಗೆ ಕಾಣುತ್ತೆ. ಡಾಕ್ಟ್ರು ಹಗಲುಗುರುಡು ಅಂದ್ರು. ಇರುಳುಗುರುಡು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ, ಇದನ್ನ ಹೇಳಿದ್ರೆ ನಗ್ತಾರೆ. ಜಂಬ ಅಂತಾನೇ ಅಂದ್ಕೊಳ್ಲಿ ಅಂತ ಬಿಟ್ಟಿದೀನಿ.”

ಮುಂದಿನ ವಾರ ಉರಿಬಿಸಿಲಲ್ಲಿ ರಸ್ತೆ ದಾಟಲು ತಡವರಿಸುತ್ತಿದ್ದರು. ಹೋಗಿ ಕೈ ಹಿಡಿದೆ. ನಾನು ಇಂಥವಳು ಎನ್ನಲು ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಅರ್ಧ ರಸ್ತೆಯಲ್ಲಿ ಅವರ ಬೆರಳು ನನ್ನ ರವಿಕೆಯ ತೋಳಂಚನ್ನು ಒಮ್ಮೆ ಸವರಿತು.

“ಇದು ನನ್ನ ಹೊಲಿಗೇನೇ,” ಎಂದರು. “ತೋಳು ಬಿಗಿ ಆಗಿದೆ ಕಣಮ್ಮ. ನಾಳೆ ತಗೊಂಬಾ, ಸಡಿಲ ಮಾಡ್ಕೊಡ್ತೀನಿ.”